ಶಿವಮೊಗ್ಗದಲ್ಲಿ ಮಾಡಿಸಿದ ತೇಗದ ತೋಟಾ ಪೆಟ್ಟಿಗೆ: ಮರಗೆಲಸಕ್ಕೆ ಪೂರ್ತಿ ಅಂಕ, ತೂತಿಗೆ ಅರ್ಧ

ಸಾಗರ ರಸ್ತೆ ಕಡೆಯ ಒಂದು ಸಣ್ಣ ಮರಗೆಲಸದ ಅಂಗಡಿ, ನಕ್ಷೆ ಕೊಟ್ಟರೆ ಕೋವಿಯ ತೋಟಾ ಇಡುವ ಪೆಟ್ಟಿಗೆ ಮಾಡಿಕೊಡುತ್ತದೆ. ಕೊಟ್ಟ ನಕ್ಷೆ .45-70 ತೋಟಾದ್ದು: 5 ಸಾಲು, ಸಾಲಿಗೆ 10 ತೂತು. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ಈ ತೋಟಾ ಅಲ್ಲಿನ ಕರಿಮದ್ದಿನ ಗುರಿಸ್ಪರ್ಧೆಗಳಲ್ಲಿ ಈಗಲೂ ಮಾಮೂಲಿ. ಹೆಸರಿನ .45 ಅಂದರೆ ಇಂಚಿನಲ್ಲಿ ಗುಂಡಿನ ದಪ್ಪ, 70 ಅಂದರೆ 70 ಗ್ರೇನ್ ಮದ್ದು, ಸುಮಾರು ನಾಲ್ಕೂವರೆ ಗ್ರಾಂ. ಅವರ ಸಿಲೂಯೆಟ್ ಸ್ಪರ್ಧೆಯಲ್ಲಿ 200, 300, 385 ಮತ್ತು 500 ಮೀಟರ್ ದೂರದಲ್ಲಿ ಕೋಳಿ, ಹಂದಿ, ಟರ್ಕಿ, ಟಗರಿನ ಆಕಾರದ ಉಕ್ಕಿನ ಗುರಿಗಳಿರುತ್ತವೆ. ತಲಾ 10 ಹೊಡೆದರೆ 40 ಆಯಿತು. ಮೊದಲು ದೂರ ಹೊಂದಿಸಿಕೊಳ್ಳಲು ಹೊಡೆಯುವವೂ ಸೇರಿದರೆ 50 ತೂತಿನ ಪೆಟ್ಟಿಗೆ ಸರಿಹೋಗುತ್ತದೆ. ಹೊರದೇಶದಲ್ಲಿ ಈ ಆಟಕ್ಕಿಳಿದ ನೆಂಟರಿಗೆ ಖಾಲಿ ಪೆಟ್ಟಿಗೆ ಮಾಡಿಸಿ ಕಳಿಸುವವರಿಗೂ, ಮನೆಯ 12 ಬೋರಿನ ಕೋವಿಗೆ ಗಟ್ಟಿಮುಟ್ಟಾದ ಒಂದು ಪೆಟ್ಟಿಗೆ ಬೇಕೆನ್ನುವ ತೋಟದವರಿಗೂ ಈ ಅಳತೆಗಳು ಉಪಯೋಗಕ್ಕೆ ಬಂದಾವು.

ತೀರ್ಪು ಮೊದಲೇ ಹೇಳಿಬಿಡೋಣ. ಚೌಕಟ್ಟು, ಮೂಲೆ, ಮುಚ್ಚಳ ಒಂದಕ್ಕೂ ಹೆಸರಿಡುವಂತಿಲ್ಲ. ತೂತಿನ ಹಲಗೆಯನ್ನು ಮಾತ್ರ ಅವರ ಮರ್ಜಿಗೆ ಬಿಡಬೇಡಿ.

ಚೌಕಟ್ಟಿಗೆ ತೇಗ, ತೂತಿನ ಹಲಗೆಗೆ ಶಿವನಿ. ಅಂಗಡಿಯ ಆಚಾರ್ರೇ ಸೂಚಿಸಿದ ಜೋಡಿ ಇದು, ಸೂಚನೆ ಸರಿಯಾಗಿಯೇ ಇದೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ. 50 ತೂತು ತೇಗದಲ್ಲೇ ಕೊರೆಸಿದರೆ ಕೊನೆಯ ಸಾಲುಗಳ ಒಳಗೋಡೆ ಸುಟ್ಟು ಕಪ್ಪಾಗಿರುತ್ತದೆ. ಶಿವನಿ ಹಗುರ, ಸಲೀಸಾಗಿ ಕೊರೆಯುತ್ತದೆ, ಚೆನ್ನಾಗಿ ಒಣಗಿದ್ದರೆ ಸೊಟ್ಟಗಾಗುವುದೂ ಕಡಿಮೆ. ಹೊನ್ನೆ ನೋಡಲು ಚೆಂದ, ಆದರೆ ತೇವ ತಾಗಿದರೆ ಬಣ್ಣ ಬಿಡುವ ಮರ. ಹೊನ್ನೆ ಲೋಟದಲ್ಲಿ ರಾತ್ರಿ ಇಟ್ಟ ನೀರು ಬೆಳಿಗ್ಗೆ ಯಾವ ಬಣ್ಣಕ್ಕೆ ತಿರುಗಿರುತ್ತದೆ ಅನ್ನುವುದು ಗೊತ್ತೇ ಇದೆಯಲ್ಲ. ಮತ್ತಿ ಅಗ್ಗಕ್ಕೆ ಕೊಡುತ್ತೇವೆ ಅಂದರೂ ಬೇಡ, ಭಾರ ಹೊತ್ತು ಸಾಕಾಗುತ್ತದೆ. ವಿದೇಶದ ನಕ್ಷೆಗಳಲ್ಲಿ ಓಕ್ ಎಂದು ಬರೆದಿರುವುದುಂಟು, ಅದನ್ನಂತೂ ಹುಡುಕಲು ಹೋಗಬೇಡಿ. ಓಕ್ ಮರದಿಂದ ಏಳುವ ಅಸಿಟಿಕ್ ಆಮ್ಲದ ಆವಿಗೆ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅಗ್ಗದ ಪ್ಲೈವುಡ್ಡಿನ ಅಂಟಿನ ಆವಿಯೂ ಸೀಸಕ್ಕೆ ಒಳ್ಳೆಯದಲ್ಲ.

ಇನ್ನು ತೂತು. .45-70 ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಬುಡದ ವ್ಯಾಸ 12.8 ಮಿಮೀ, ಅದರ ಕೆಳಗಿನ ರಿಮ್ಮು, ಅಂದರೆ ಹೊರಚಾಚಿದ ಅಂಚು, 15.4 ಮಿಮೀ. ನಕ್ಷೆಯಲ್ಲಿ ಕೇಸಿನ ವ್ಯಾಸ ಮಾತ್ರ ಬರೆದುಕೊಟ್ಟರೆ ಆಚಾರ್ರು 13 ಮಿಮೀ ಬಿಟ್ ಹಾಕುತ್ತಾರೆ, ರಿಮ್ಮು ಒಳಗಿಳಿಯುವುದೇ ಇಲ್ಲ. ಗುಂಡು ಮೇಲೆ, ಬುಡ ಕೆಳಗೆ ನಿಲ್ಲಬೇಕಾದರೆ ತೂತು 16 ಮಿಮೀ ಆಗಲೇಬೇಕು. ತಲೆಕೆಳಗಾಗಿ ಇಟ್ಟರೆ 13.5 ಸಾಕು, ರಿಮ್ಮು ಹಲಗೆಯ ಮೇಲೆ ಕೂರುತ್ತದೆ. ಆದರೆ ಜೇನುಮೇಣದ ಲ್ಯೂಬ್ (ಜಿಡ್ಡು) ಹಚ್ಚಿದ ಗುಂಡು ತೂತಿನೊಳಗೆ ಹೋದರೆ ಅದಕ್ಕೆ ಮರದ ಪುಡಿ, ಧೂಳು ಅಂಟುತ್ತದೆ. ಕಾಗದ ಸುತ್ತಿದ ಗುಂಡಾದರೆ ಅಂಚು ಎದ್ದು ಹರಿಯುತ್ತದೆ. ಹಾಗಾಗಿ ಬುಡ ಕೆಳಗೇ ಇರಲಿ.

16ರ ತೂತಿನಲ್ಲಿ ತೋಟಾ ಅಲ್ಲಾಡುವುದು ಸಹಜ. 30 ಮಿಮೀ ಆಳದ ತೂತಿನಲ್ಲಿ 73 ಮಿಮೀ ಉದ್ದದ ತೋಟಾ ನಿಲ್ಲಿಸಿದರೆ ತುದಿ ಪ್ರತಿ ಪಕ್ಕಕ್ಕೆ ಹೆಚ್ಚುಕಡಿಮೆ 5 ಮಿಮೀ ವಾಲುತ್ತದೆ. ಗುರಿಸ್ಪರ್ಧೆಯವರು ಉದ್ದನೆಯ ಗುಂಡನ್ನು ಕೇಸಿನಿಂದ ಹೊರಚಾಚಿಯೇ ಕೂರಿಸುವುದರಿಂದ 73 ಎಂಬ ಅಳತೆ ಹಿಡಿದಿದ್ದೇವೆ. ಗಿಡ್ಡ ಗುಂಡಿನದು 65ರಲ್ಲೇ ಮುಗಿಯುತ್ತದೆ. ಈ ವಾಲುವಿಕೆ ಲೆಕ್ಕದಲ್ಲಿದ್ದರೆ ತೊಂದರೆಯಿಲ್ಲ, ಮರೆತರೆ ಮುಚ್ಚಳ ಬಡಿಯುತ್ತದೆ. ತೂತಿನ ನಡುವಿಂದ ನಡುವಿಗೆ 22 ಮಿಮೀ ಇಡಿ. ಅಂಗಡಿಯವರು ಮರ ಉಳಿಸಲೆಂದು 19ಕ್ಕೆ ಇಳಿಸಿದ್ದರು. ಆಗ ಎರಡು ಕೇಸಿನ ನಡುವೆ ಉಳಿಯುವುದು 6 ಮಿಮೀ ಚಿಲ್ಲರೆ, ಬೆರಳು ಹೋಗುವುದಿಲ್ಲ. ನಡುವಿನ ಸಾಲಿನದನ್ನು ತೆಗೆಯಲು ಸುತ್ತಲಿನ ನಾಲ್ಕನ್ನು ಅಲ್ಲಾಡಿಸಬೇಕು. ಹಲಗೆ ಬದಲಿಸಿಕೊಟ್ಟರು, ಮುಖ ಸಿಂಡರಿಸದೆ.

ಬದಲಿಸಿದ ಹಲಗೆಯಲ್ಲೂ ಒಂದು ಕೊರತೆ ಉಳಿದಿದೆ. ಕೈ ಡ್ರಿಲ್ಲಿಗೆ ಚಪ್ಪಟೆ ಸ್ಪೇಡ್ ಬಿಟ್ ಹಾಕಿ ಅರ್ಧಕ್ಕೆ ನಿಲ್ಲಿಸಿದ ತೂತುಗಳು ಅವು. ಟೇಪು ಸುತ್ತಿ ಆಳ ಗುರುತು ಮಾಡಿದ್ದರೂ ಒಂದೊಂದು ತೂತು ಒಂದೊಂದು ಆಳ: ಕೆಲವು 28, ಕೆಲವು 31. ತೋಟಾ ನಿಲ್ಲಿಸಿದಾಗ ತಲೆಗಳು ಏರುತಗ್ಗಾಗಿ ಕಾಣುತ್ತವೆ. ಅದಕ್ಕಿಂತ ಹೆಚ್ಚಿನ ತಾಪತ್ರಯ ಸ್ಪೇಡ್ ಬಿಟ್ಟಿನ ಮೊನೆ ತಳದಲ್ಲಿ ಬಿಡುವ ಕುಳಿಯದು, ಅದರಲ್ಲಿ ಕಸ ಕೂತರೆ ಕೆರೆದು ತೆಗೆಯಲಾಗದು. ಸರಿಯಾದ ವಿಧಾನ ಹೀಗೆ: 30 ಮಿಮೀ ಹಲಗೆಯನ್ನು ಡ್ರಿಲ್ ಪ್ರೆಸ್ಸಿನಲ್ಲಿ 16 ಮಿಮೀ ಫೋರ್ಸ್ನರ್ ಬಿಟ್ಟಿನಿಂದ (ಗೋಡೆ ನುಣುಪಾಗಿ ಕೊರೆಯುವ ದುಂಡನೆಯ ಬಿಟ್) ಆರಪಾರ ಕೊರೆದು, ಅಡಿಗೆ 6 ಮಿಮೀ ತೆಳುಹಲಗೆ ಅಂಟಿಸುವುದು. ಎಲ್ಲ ತೂತಿನ ಆಳ ಒಂದೇ ಆಗುತ್ತದೆ, ತಳ ಸಪಾಟು. ಕೊರೆಯುವಾಗ ಕೆಳಗೊಂದು ಹಾಳು ಹಲಗೆ ಇಡದಿದ್ದರೆ ಬಿಟ್ ಹೊರಬರುವ ಬದಿ ಸಿಬಿರು ಏಳುತ್ತದೆ. ಕೊನೆಗೆ ಬಾಯಿಯ ಅಂಚನ್ನು ಒಂದು ಮಿಮೀ ಇಳಿಜಾರು ಮಾಡಿಸಿಕೊಳ್ಳಿ, ರಿಮ್ಮು ತಡೆಯದೆ ಇಳಿಯುತ್ತದೆ.

ಅಳತೆ ನೋಡಲು ತುಂಬಿದ ತೋಟಾವನ್ನು ಅಂಗಡಿಗೆ ಒಯ್ಯಲೇಬಾರದು. ಪಕ್ಕದಲ್ಲೇ ಗ್ರೈಂಡರಿನ ಕಿಡಿ ಹಾರುತ್ತಿರುತ್ತದೆ. ಮರದ ಡಮ್ಮಿ ಕಡೆಸಿಕೊಳ್ಳಿ: ಮೈ 12.8, ಬುಡದಲ್ಲಿ 15.4ರ ರಿಮ್ಮು, ಒಟ್ಟು ಉದ್ದ 73. ಒಂದೇ ಡಮ್ಮಿ ಸಾಲದು, ಐದಾದರೂ ಬೇಕು. ಒಂದು ಅಡ್ಡಸಾಲು ತುಂಬಿ ಮುಚ್ಚಳ ಹಾಕಿ ನೋಡಿದಾಗಲೇ ನಿಜ ಗೊತ್ತಾಗುವುದು.

ಮುಚ್ಚಳದ ಲೆಕ್ಕಕ್ಕೆ ಬರೋಣ. ಹಲಗೆಯ ಮೇಲೆ ತೋಟಾ 43 ಮಿಮೀ ಎದ್ದಿರುತ್ತದೆ. ಅದಕ್ಕೆ 5 ಸೇರಿಸಿ ಒಳಗೆ 48 ಮಿಮೀ ತೆರವು ಬೇಕು. ಇದರಲ್ಲಿ 15 ಮಿಮೀ ಕೆಳಪೆಟ್ಟಿಗೆಯ ಗೋಡೆಗೆ, ಉಳಿದ 33 ಮುಚ್ಚಳಕ್ಕೆ. ಗೋಡೆ ಅದಕ್ಕಿಂತ ಎತ್ತರವಾದರೆ ಅಂಚಿನ ಸಾಲಿಗೆ ಕೈ ಹಾಕುವುದು ಕಷ್ಟ. ಪೆಟ್ಟಿಗೆಯನ್ನು ಇಡಿಯಾಗಿ ಮುಚ್ಚಿ ಅಂಟಿಸಿ, ಆಮೇಲೆ ಗರಗಸದಲ್ಲಿ ಸುತ್ತ ಕೊಯ್ದು ಮುಚ್ಚಳ ಬೇರೆ ಮಾಡುವುದು ಈ ಅಂಗಡಿಯ ಪದ್ಧತಿ. ಒಳ್ಳೆಯ ಪದ್ಧತಿಯೇ, ಮರದ ಎಳೆ ಮೇಲಿಂದ ಕೆಳಗೆ ಕೂಡಿಕೊಳ್ಳುತ್ತದೆ. ಗರಗಸ ತಿನ್ನುವ 3 ಮಿಮೀಯನ್ನು ಮೊದಲೇ ಎತ್ತರಕ್ಕೆ ಸೇರಿಸಿರಬೇಕು ಅಷ್ಟೆ. ಇಲ್ಲದಿದ್ದರೆ 5 ಮಿಮೀ ತೆರವು 2ಕ್ಕೆ ಇಳಿಯುತ್ತದೆ, ಸ್ವಲ್ಪ ಉದ್ದದ ಗುಂಡು ಬಂದರೆ ಚಿಲಕ ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮ. ಮುಚ್ಚಳ ಹಿಂಜಿನ ಮೇಲೆ ಕಮಾನಾಗಿ ಇಳಿಯುವಾಗ ಅದರ ಮುಂದಿನ ಗೋಡೆ ಗುಂಡಿನ ತುದಿಯ ಮಟ್ಟದಲ್ಲಿ ಸುಮಾರು 3 ಮಿಮೀ ಒಳಗೆ ಹಾದುಬರುತ್ತದೆ. ತೋಟಾದ 5 ಮಿಮೀ ವಾಲುವಿಕೆ ಅದಕ್ಕೆ ಸೇರಿದರೆ 8 ಆಯಿತು. ಮುಂದಿನ ಸಾಲಿನ ನಡುವಿನಿಂದ ಗೋಡೆಗೆ 17 ಮಿಮೀ ಬಿಟ್ಟರೆ ನಿಶ್ಚಿಂತೆ, 10 ಬಿಟ್ಟರೆ ಸೀಸದ ಮೂಗು ಗೀರಿಸಿಕೊಳ್ಳುತ್ತದೆ. ಹೀಗೆ ಕೂಡಿಸಿದರೆ ಒಳ ಅಳತೆ 232 × 122. 10 ಮಿಮೀ ಗೋಡೆಯೊಂದಿಗೆ ಹೊರಗೆ 252 × 142, ಎತ್ತರ 94 ಮಿಮೀ.

ಮಲೆನಾಡಿನಲ್ಲಿ ಪೆಟ್ಟಿಗೆಯ ನಿಜವಾದ ಪರೀಕ್ಷೆ ಜುಲೈ ತಿಂಗಳು. ಬೇಸಿಗೆಯಲ್ಲಿ ಹಿತವಾಗಿ ಕೂತ ಹಲಗೆ ಮಳೆ ಹಿಡಿದ ಮೇಲೆ ಅಗಲಕ್ಕೆ ಉಬ್ಬುತ್ತದೆ. ಮರದ ತೇವಾಂಶ ನೂರಕ್ಕೆ 6ರಷ್ಟು ಏರಿದರೆ ತೇಗವೇ 120 ಮಿಮೀ ಅಗಲದಲ್ಲಿ ಒಂದು ಮಿಮೀಗಿಂತ ಹೆಚ್ಚು ಹಿಗ್ಗುತ್ತದೆ. ಅಂಗಡಿಯವರು ತೂತಿನ ಹಲಗೆಯನ್ನು ಚೌಕಟ್ಟಿನೊಳಗೆ ಬಿಗಿಯಾಗಿ ತುರುಕಿ ನಾಲ್ಕೂ ಕಡೆ ಫೆವಿಕಾಲ್ ಹಾಕಿದ್ದರು. ನೋಡಲು ಎಷ್ಟು ಅಚ್ಚುಕಟ್ಟು ಅಂದರೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಉಬ್ಬಿದ ಹಲಗೆ ಮೂಲೆಯ ಬೆಸುಗೆಯನ್ನೇ ತಳ್ಳಿ ಬಾಯಿ ಬಿಡಿಸುತ್ತದೆ. ಹಲಗೆ 120, ಒಳಜಾಗ 122 ಇರಲಿ. ಎರಡೂ ಬದಿ ಒಂದೊಂದು ಮಿಮೀ ಸಡಿಲ. ಅಂಟು ಬೇಡ, ನಡುಗೆರೆಯಲ್ಲಿ ಕೆಳಗಿನಿಂದ ಎರಡು ಸ್ಕ್ರೂ ಸಾಕು, ಹಿಗ್ಗುವುದು ಕುಗ್ಗುವುದು ಎರಡೂ ಬದಿಗೆ ಹಂಚಿಹೋಗುತ್ತದೆ. ತೇಗದ ಮೂಲೆಗಳಿಗೆ ಅಂಟು ಹಾಕುವ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಬೇಕು. ಮರದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಇದನ್ನು ಇವರು ಹೇಳಿಸಿಕೊಳ್ಳದೆ ಮಾಡಿದರು.

ಹಿಂಜು, ಚಿಲಕ ಹಿತ್ತಾಳೆಯದೆಂದು ಹೇಳಿ ಹಾಕಿದ್ದರು. ಅಯಸ್ಕಾಂತ ಹಿಡಿದರೆ ಹಿಂಜು ಸುಮ್ಮನಿತ್ತು, ಸ್ಕ್ರೂಗಳು ಟಪ್ ಎಂದು ಅಂಟಿಕೊಂಡವು: ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ. ಒಂದೇ ಮಳೆಗಾಲಕ್ಕೆ ತಲೆ ತುಕ್ಕು ಹಿಡಿದು ತೇಗದ ಮೇಲೆ ಕಪ್ಪು ಕಲೆ ಇಳಿಯುತ್ತದೆ. ಅಪ್ಪಟ ಹಿತ್ತಾಳೆ ಸ್ಕ್ರೂ ನೀವೇ ಒಯ್ದುಕೊಡಿ. ಮೊದಲು 2 ಮಿಮೀ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಸೋಪು ಸವರಿ ಹಾಕಬೇಕು. ನೇರ ಹಾಕಿದರೆ ಕುತ್ತಿಗೆಯಲ್ಲಿ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಹಿಡಿಕೆ ಮುಚ್ಚಳದ ಮೇಲೆ ಬೇಡವೇ ಬೇಡ. 500 ಗ್ರೇನ್ ಗುಂಡಿನ ಒಂದು ತೋಟಾ ಸುಮಾರು 50 ಗ್ರಾಂ. ಐವತ್ತು ತುಂಬಿದರೆ ಎರಡೂವರೆ ಕೆಜಿ, ಪೆಟ್ಟಿಗೆ ಸೇರಿ ಮೂರೂವರೆ ದಾಟುತ್ತದೆ. ಅಷ್ಟೂ ಭಾರ ಒಂದು ಸಣ್ಣ ಚಿಲಕದ ಮೇಲೆ ಜೋತಾಡಬಾರದು. ಕೆಳಪೆಟ್ಟಿಗೆಯ ಎರಡು ಪಕ್ಕಕ್ಕೆ ಹಗ್ಗದ ಹಿಡಿಕೆ ಹಾಕಿಸಿ.

ಹೊರಗೆ ಯಾವ ಪಾಲಿಶ್ ಆದರೂ ಸರಿ. ಒಳಗೆ ಅರಗಿನ ಸ್ಪಿರಿಟ್ ಪಾಲಿಶ್ ಎರಡು ಕೈ ಮಾತ್ರ. ಅಗಸೆ ಎಣ್ಣೆ ಒಣಗುತ್ತಾ ಆಮ್ಲದ ಆವಿ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸಕ್ಕೆ ಶತ್ರು. ಅಂದಕ್ಕೆ ಹಸಿರು ಉಣ್ಣೆಬಟ್ಟೆ ಒಳಗೆ ಅಂಟಿಸಿಕೊಡುತ್ತೇವೆ ಅಂದರು, ನೂರೈವತ್ತು ರೂಪಾಯಿ ಹೆಚ್ಚಿಗೆ. ದುಡ್ಡು ಕೊಟ್ಟು ತೇವ ಕೊಂಡಂತೆ. ಬಟ್ಟೆ ಮಳೆಗಾಲದಲ್ಲಿ ನೀರು ಹೀರಿ ಹಿಡಿದುಕೊಳ್ಳುತ್ತದೆ, ಹಿತ್ತಾಳೆ ಕೇಸಿನ ಬುಡಕ್ಕೆ ಹಸಿರು ಕಿಲುಬು ಏರುತ್ತದೆ. ತೊಗಲಿನ ಒಳಪದರಕ್ಕೂ ಇದೇ ಮಾತು.

ಹೊಡೆದ ಖಾಲಿ ಕೇಸನ್ನು ಮರಳಿ ಇದೇ ತೂತಿಗೆ ತುರುಕುವುದು ಕೆಲವರ ಅಭ್ಯಾಸ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆಯುತ್ತದೆ, ಶಿವನಿಯ ಬಿಳಿ ಹಲಗೆಗೆ ಅಳಿಸಲಾಗದ ಕಲೆ. ಸೋಪುನೀರಿನ ಡಬ್ಬಿಗೆ ಹಾಕಿಬಿಟ್ಟರೆ ಕೇಸೂ ಉಳಿಯಿತು, ಪೆಟ್ಟಿಗೆಯೂ ಉಳಿಯಿತು. ಬಿಡಿ ಮದ್ದು, ಅದನ್ನು ಹೊತ್ತಿಸುವ ಕೇಪು ಇವಕ್ಕೆ ಈ ಪೆಟ್ಟಿಗೆಯಲ್ಲಿ ಜಾಗ ಮಾಡಿಸಬೇಡಿ. ಎರಡನ್ನೂ ಒಂದೇ ಕಡೆ ಇಡುವುದೇ ತಪ್ಪು.

ಮರ, ಸಾಮಾನು, ಕೂಲಿ ಸೇರಿ 4,200 ರೂಪಾಯಿ ತೆಗೆದುಕೊಂಡರು. ಮೂಲೆಯ ಡವ್‌ಟೇಲ್ ಕೆಲಸ (ಹಲ್ಲಿಗೆ ಹಲ್ಲು ಕೂಡಿಸುವ ಜೋಡಣೆ) ನೋಡಿದರೆ ಹೆಚ್ಚೇನಲ್ಲ, ಉಳಿಯಲ್ಲೇ ಬಿಡಿಸಿದ್ದು, ಕೂದಲು ಹೋಗುವಷ್ಟೂ ಸಂದಿಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ ಅನ್ನುವುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡೇ ಆರ್ಡರ್ ಮಾಡಿ, ಆದಷ್ಟು ಮಾರ್ಚಿಗೆ ಮುಂಚೆ.

12 ಬೋರಿಗೆ ಮಾಡಿಸುವವರು ಗಮನಿಸಬೇಕಾದ್ದು: ರಿಮ್ಮು 22.5 ಮಿಮೀ, ತೂತು 24, ನಡುವಿಂದ ನಡುವಿಗೆ 31, ಸಾಲಿಗೆ ಐದರಂತೆ 25 ತೂತು. ಹಳೆಯ ಬ್ರಿಟಿಷ್ ಕೋವಿ ಮಾರ್ಟಿನಿ-ಹೆನ್ರಿಯ .577/450 ತೋಟಾಕ್ಕೆ ರಿಮ್ಮು 18.9, ತೂತು 20, ಅಂತರ 26. ಈ ಎರಡು ಅಳತೆಯ ಫೋರ್ಸ್ನರ್ ಬಿಟ್ ಅಂಗಡಿಯಲ್ಲಿಲ್ಲ. ಕೊಂಡೊಯ್ದು ಕೊಟ್ಟರೆ ಕೊರೆದುಕೊಡುತ್ತಾರೆ, ಬಿಟ್ ಮರಳಿ ಕೇಳಿ ಪಡೆಯಬೇಕು.