ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 320ಡಿ: ಹುಬ್ಬಳ್ಳಿಯಲ್ಲಿ ಸಾಕುವ ಗಾಡಿಯೇ?

ಹೊಸದಿದ್ದಾಗ 30ರಿಂದ 40 ಲಕ್ಷದ ಆಸುಪಾಸು ಇದ್ದ ಕಾರು ಈಗ ಒಂದು ಮಧ್ಯಮ ಎಸ್‌ಯುವಿಯ ದರಕ್ಕೆ, ಕೆಲವೊಮ್ಮೆ ಅದಕ್ಕಿಂತ ಸೋವಿಯಾಗಿ ಸಿಗುತ್ತದೆ. ಗಾಡಿಯ ದರ ಇಳಿದಿದೆ, ಬಿಡಿಭಾಗಗಳ ದರ ಇಳಿದಿಲ್ಲ. ಖರೀದಿಯ ಮೊತ್ತದ ಐದನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಬೇರೆಯೇ ತೆಗೆದಿಡಲು ಆಗದಿದ್ದರೆ ಈ ಕಾರಿನ ತಂಟೆಗೆ ಹೋಗಬೇಡಿ.

ಇಲ್ಲಿ ಹೇಳುತ್ತಿರುವುದು ಎಫ್30 ಎಂಬ ತಲೆಮಾರಿನ 3 ಸೀರೀಸ್ ಕಾರಿನ ಡೀಸೆಲ್ ಮಾದರಿ 320ಡಿ ಬಗ್ಗೆ. ನಮ್ಮಲ್ಲಿ 2012ರಲ್ಲಿ ಬಂತು, 2016ರಲ್ಲಿ ಫೇಸ್‌ಲಿಫ್ಟ್ (ಅಲ್ಲಲ್ಲಿ ತಿದ್ದಿದ ಹೊಸ ರೂಪ) ಆಯಿತು. ಮೊದಲಿನದರಲ್ಲಿ ಎನ್47 ಎಂಜಿನ್: 184 ಎಚ್‌ಪಿ, 380 ಎನ್‌ಎಂ. ನಂತರದ್ದರಲ್ಲಿ ಬಿ47: 190 ಎಚ್‌ಪಿ, 400 ಎನ್‌ಎಂ. ಓಡಿಸುವಾಗ ದೊಡ್ಡ ವ್ಯತ್ಯಾಸ ಗೊತ್ತಾಗದು, ಆದರೆ ಖರೀದಿಯ ತೀರ್ಮಾನ ನಿಲ್ಲುವುದೇ ಈ ಎರಡು ಹೆಸರುಗಳ ಮೇಲೆ. 2016ರ ಹತ್ತಿರದ ಗಾಡಿಯಾದರೆ ಮಾರುವವರ ಮಾತು ಬಿಟ್ಟು, ವಿಐಎನ್ (ಚಾಸಿ) ನಂಬರ್ ಹಾಕಿ ಯಾವ ಎಂಜಿನ್ ಎಂದು ಖಚಿತ ಮಾಡಿಕೊಳ್ಳಿ.

ಎನ್47ರ ಕುಖ್ಯಾತಿ ಅದರ ಟೈಮಿಂಗ್ ಚೈನಿನದು, ಅಂದರೆ ಪಿಸ್ಟನ್ನುಗಳ ಓಟಕ್ಕೆ ಸರಿಯಾಗಿ ವಾಲ್ವುಗಳು ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಚೈನಿನದು. ಚೈನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆ ಇದೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲವೇ ಎಂಜಿನ್ನನ್ನೇ ಹೊರಗೆ ತೆಗೆಯಬೇಕು. ಸಾಮಾನು ಅಷ್ಟೇನೂ ತುಟ್ಟಿಯಲ್ಲ, ಕೂಲಿ ತುಟ್ಟಿ. ಚೈನು ಕಡಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ ಕೆಟ್ಟೇ ಹೋಗುತ್ತದೆ. 2011ರ ಹಿಂದಿನ ಎನ್47ಗಳಿಗೆ ಹೋಲಿಸಿದರೆ ಎಫ್30ಯಲ್ಲಿ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬಿ47ರಲ್ಲೂ ಚೈನು ಹಿಂದೆಯೇ ಇದೆ, ಆದರೆ ದೂರು ಬಹಳ ಕಡಿಮೆ.

ಪರೀಕ್ಷೆ ಹೀಗೆ. ಗಾಡಿ ರಾತ್ರಿಯಿಡೀ ನಿಂತಿರಬೇಕು, ನೀವು ಹೋಗುವ ಮೊದಲು ಯಾರೂ ಚಾಲೂ ಮಾಡಿರಬಾರದು. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ಸ್ಟಾರ್ಟ್ ಮಾಡಿಸಿ, ಬಾನೆಟ್ ತೆಗೆದು, ಎಂಜಿನ್ನಿನ ಹಿಂಬದಿಗೆ ಅಂದರೆ ಗಾಜಿನ ಕಡೆಗೆ ಕಿವಿ ಕೊಡಿ. ಆಕ್ಸಿಲರೇಟರ್ ನಿಧಾನ ಒತ್ತಿಸಿ 1,500ರಿಂದ 2,000 ಆರ್‌ಪಿಎಂ ನಡುವೆ ಲೋಹ ಸವೆಯುವಂಥ ಕರಕರ ಸದ್ದು ಬರುತ್ತದೆಯೇ ಕೇಳಿ. ಡೀಸೆಲ್ಲಿನ ಸಹಜ ಟಕಟಕ ಬೇರೆ, ಇದು ಬೇರೆ. "ಡೀಸೆಲ್ ಗಾಡಿ ಐತ್ರಿ ಸಾಹೇಬ್ರ, ಸೌಂಡ್ ಬರೋದ" ಎಂಬ ಸಮಜಾಯಿಷಿಗೆ ತಲೆ ಆಡಿಸಿ ಮನೆಗೆ ಬನ್ನಿ.

ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೊಮ್ಯಾಟಿಕ್. ಈ ಕಾರನ್ನು ಕೊಳ್ಳಲು ನಿಜವಾದ ಕಾರಣ ಇದೇ. ಅದರ ಎಣ್ಣೆ ಜೀವನಪೂರ್ತಿ ಬದಲಿಸಬೇಕಿಲ್ಲ ಎಂದು ಕಾರು ಕಂಪನಿ ಹೇಳಿದರೂ, ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಹೇಳುವುದು 80,000ರಿಂದ 1,20,000 ಕಿ.ಮೀ. ಅಥವಾ 8 ವರ್ಷ. ನಾವು ಝಡ್‌ಎಫ್ ಮಾತನ್ನೇ ನಂಬುತ್ತೇವೆ. ಕೆಳಗಿನ ಪ್ಲಾಸ್ಟಿಕ್ ಪ್ಯಾನಿನೊಳಗೇ ಫಿಲ್ಟರ್ ಇರುವುದರಿಂದ ಪ್ಯಾನ್ ಸಮೇತ ಬದಲಿಸಬೇಕು. ಹೊಸ ಎಣ್ಣೆಯ ಮಟ್ಟವನ್ನು ಎಂಜಿನ್ ಚಾಲೂ ಇಟ್ಟು, ಗೇರ್‌ಬಾಕ್ಸ್ ಎಣ್ಣೆ ಸುಮಾರು 40 ಡಿಗ್ರಿಯಲ್ಲಿದ್ದಾಗ ನೋಡಬೇಕು. ತಾಪಮಾನ ನೋಡಲು ಸ್ಕ್ಯಾನರ್ ಇಲ್ಲದೆ "ಅಂದಾಜಿಗೆ ಹಾಕ್ತೀವಿ" ಅನ್ನುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ, ಅದು ಗೋಕುಲ ರೋಡಿನಲ್ಲಿರಲಿ, ಬೆಂಗಳೂರಿನಲ್ಲಿರಲಿ.

ಸ್ಕ್ಯಾನರ್ ಹಾಕಿದ ಮೇಲೆ ಕೂಲಂಟ್ ತಾಪಮಾನವನ್ನೂ ನೋಡಿ. ಮೀಟರಿನಲ್ಲಿ ಅದಕ್ಕೆ ಮುಳ್ಳು ಇಲ್ಲ. ಬೈಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದ ಮೇಲೂ 70–75 ಡಿಗ್ರಿ ದಾಟದಿದ್ದರೆ ಕೂಲಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟ್ಯಾಟ್ ತೆರೆದೇ ಕುಳಿತಿದೆ. ಎಂಜಿನ್ ಸರಿಯಾಗಿ ಕಾಯದಿದ್ದರೆ ಮಸಿ ಹೆಚ್ಚುತ್ತದೆ, ಇಜಿಆರ್‌ನಿಂದ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಬರುವ ಮಸಿ ಎಣ್ಣೆಯ ಆವಿಗೆ ಕೂಡಿ, ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಕೇಶ್ವಾಪುರದಿಂದ ಕೊಪ್ಪೀಕರ ರೋಡಿಗೆ ಹೋಗಿ ಬರುವಷ್ಟೇ ಓಡಾಟ ಇದ್ದವರಿಗೆ ಈ ಕಾರು ಬೇಡ ಅನ್ನುವುದು ಇದಕ್ಕೇ. ಅವರು ಪೆಟ್ರೋಲ್ ನೋಡಲಿ. ವಾರಕ್ಕೊಮ್ಮೆ ಬೆಳಗಾವಿ, ತಿಂಗಳಿಗೊಮ್ಮೆ ಬೆಂಗಳೂರು ಅನ್ನುವವರಿಗೆ ಸರಿ. ಹೈವೇಯಲ್ಲಿ ಲೀಟರಿಗೆ 15ರಿಂದ 18 ಕಿ.ಮೀ. ನಿರೀಕ್ಷಿಸಬಹುದು, ಟ್ಯಾಂಕ್ 57 ಲೀಟರಿನದು.

ಆ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಸೋರಿ ಬೆಂಕಿ ಹತ್ತಿದ ಪ್ರಕರಣಗಳಿಂದ 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾದ ಬಿಎಂಡಬ್ಲ್ಯೂ ಡೀಸೆಲ್ ಕಾರುಗಳ ರೀಕಾಲ್ (ಕಂಪನಿಯೇ ಗಾಡಿ ಕರೆಸಿ ಸರಿಪಡಿಸುವುದು) ಬೇರೆ ದೇಶಗಳಿಗೂ ಹಬ್ಬಿತು. ನೀವು ನೋಡಿದ ಗಾಡಿಗೆ ಬಾಕಿ ಕೆಲಸವಿದೆಯೇ ಎಂದು ವಿಐಎನ್‌ನ ಕೊನೆಯ 7 ಅಕ್ಷರ ಕೊಟ್ಟು ಅಧಿಕೃತ ಸರ್ವಿಸ್‌ನಲ್ಲಿ ಕೇಳಿ. ಅದೇ ಹೊತ್ತಿಗೆ ಸರ್ವಿಸ್ ಇತಿಹಾಸವನ್ನೂ ಕೇಳಿ. ಓಡೋಮೀಟರ್ ತಿರುಗಿಸಿದ್ದರೆ ಬಹುತೇಕ ಅಲ್ಲೇ ಸಿಕ್ಕಿಬೀಳುತ್ತದೆ.

ಟೈರುಗಳು ರನ್‌ಫ್ಲ್ಯಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು. ಪಕ್ಕದ ಗೋಡೆ ಗಟ್ಟಿ, ತಗ್ಗಿಗೆ ಬಿದ್ದರೆ ಉಬ್ಬು ಬರುತ್ತದೆ. ಒಳಬದಿಯ ಉಬ್ಬು ನಿಂತು ನೋಡಿದರೆ ಕಾಣದು, ಕೈ ಹಾಕಿ ಸವರಿ. ಮಾಮೂಲಿ ಟೈರಿಗೆ ಬದಲಿಸಿದರೆ ನಮ್ಮ ರಸ್ತೆಗೆ ಹಿತ, ಆಗ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲೇಬೇಕು. ಹಿಂಬದಿ ಚಕ್ರ ಎಳೆಯುವ ಗಾಡಿ. ನವಲಗುಂದ, ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಎರೆಮಣ್ಣಿಗೆ ಇಳಿಸಿದರೆ ಟ್ರ್ಯಾಕ್ಟರ್ ಕರೆಸಬೇಕಾದೀತು.

ಬ್ಯಾಟರಿ ಡಿಕ್ಕಿಯಲ್ಲಿದೆ, ಎಜಿಎಂ ಮಾದರಿ. ಬದಲಿಸಿದ ಮೇಲೆ ಕಾರಿನ ಕಂಪ್ಯೂಟರಿನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತದೆ. ಎಂಜಿನ್ ಆಯಿಲ್ ಸುಮಾರು 5 ಲೀಟರ್ ಹಿಡಿಯುತ್ತದೆ, ಬಿಎಂಡಬ್ಲ್ಯೂದೇ ಆದ ಲಾಂಗ್‌ಲೈಫ್-04 ದರ್ಜೆಯದು. ಕಾರಿನ ಪರದೆ ಹೇಳುವ ತನಕ ಕಾಯದೆ 10,000 ಕಿ.ಮೀ.ಗೇ ಬದಲಿಸಿ, ಚೈನಿಗೂ ಅದೇ ಔಷಧಿ.

ಕಾಗದಪತ್ರದಲ್ಲಿ ಮುಖ್ಯ ಎಚ್ಚರಿಕೆ ದೆಹಲಿ ಗಾಡಿಗಳ ಬಗ್ಗೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದಿದ್ದ ನಿರ್ಬಂಧದಿಂದಾಗಿ ಎಷ್ಟೋ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದಿವೆ. ಮಾರುವವರು ಹೇಳುವ ದರ ಅರ್ಧ ಕಥೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕೆಎ-25 (ಧಾರವಾಡ) ಅಥವಾ ಕೆಎ-63ಕ್ಕೆ (ಹುಬ್ಬಳ್ಳಿ) ಮರುನೋಂದಣಿ ಮಾಡಿಸುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದರ ಲೆಕ್ಕ ನೀವು ಕೊಟ್ಟ ದರದ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಶೇಕಡಾವಾರಿನಲ್ಲಿ. ಆರ್‌ಟಿಒದಲ್ಲಿ ಮೊದಲೇ ಮೊತ್ತ ಬರೆಸಿಕೊಂಡು, ಅದನ್ನು ಖರೀದಿ ದರಕ್ಕೆ ಕೂಡಿಸಿ ನೋಡಿದರೆ ಇಲ್ಲಿನ ನೋಂದಣಿಯ ಗಾಡಿಯೇ ಹೆಚ್ಚಿನ ಸಲ ಲಾಭ. ಇಲ್ಲಿನದೇ ಆದರೆ ಅರ್ಜಿಗಳಲ್ಲಿ ಹೆಸರು ವರ್ಗಾವಣೆಯ ಫಾರ್ಮ್ 29, 30 ಸಾಕು. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35.

ಬಿ47 ಎಂಜಿನ್, ಕರ್ನಾಟಕದ ನೋಂದಣಿ, ಪೂರ್ತಿ ಬಿಲ್ಲುಗಳು: ಮೂರೂ ಕೂಡಿ ಬಂದರೆ ಚೌಕಾಸಿ ಮಾಡಿ ತೆಗೆದುಕೊಳ್ಳಿ. ಎನ್47 ಆದರೆ ಚೈನು ಬದಲಿಸಿದ ಬಿಲ್ ಇರಲಿ, ಇಲ್ಲವೇ ಅದರ ಪೂರ್ತಿ ಖರ್ಚು ದರದಲ್ಲಿ ಇಳಿಯಲಿ. ಇನ್ನೊಂದು: ದಾರಿಯಲ್ಲಿ ಕೆಟ್ಟು ನಿಂತರೆ ಹಿಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಯಬೇಡಿ, ಗೇರ್‌ಬಾಕ್ಸ್ ಹಾಳಾಗುತ್ತದೆ. ಪೂರ್ತಿ ಎತ್ತಿ ಒಯ್ಯುವ ಫ್ಲಾಟ್‌ಬೆಡ್ ಗಾಡಿಯವರ ನಂಬರ್ ಖರೀದಿಗೆ ಮೊದಲೇ ಮೊಬೈಲಿನಲ್ಲಿರಲಿ.