ಎಡಗಡೆ ದಾಸವಾಳ, ಬಲಗಡೆ ದಾಸವಾಳ

ಚಿಕ್ಕಮಗಳೂರಿನ ಆಲ್ದೂರು ಕಡೆಯ ನಮ್ಮ ಮನೆಯ ಗೇಟಿಗೆ ಎಡಕ್ಕೊಂದು, ಬಲಕ್ಕೊಂದು ದಾಸವಾಳ. ಎರಡೂ ಒಂದೇ ಗಿಡದ ಕಡ್ಡಿಯಿಂದ ಬಂದವು. ಹದಿನೈದು ವರ್ಷ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ. ಹನ್ನೆರಡು ಅಡಿ ಎತ್ತರ, ಕೆಳಗೆ ಬರೀ ಕಟ್ಟಿಗೆ, ಹೂವೆಲ್ಲ ನೆತ್ತಿಯಲ್ಲಿ. ಅಮ್ಮ ಪೂಜೆಯ ಹೂವಿಗೆ ದಿನಾ ದೋಟಿ ಹಿಡಿಯಬೇಕಿತ್ತು.

ಒಂದೇ ಸಲ ಬುಡಕ್ಕೆ ಕಡಿಯುವುದೋ, ಮೂರು ವರ್ಷಕ್ಕೆ ಹಂಚಿಕೊಂಡು ಕಡಿಯುವುದೋ? ಎರಡು ಗಿಡ ಇದೆಯಲ್ಲ, ಎರಡನ್ನೂ ನೋಡೇ ಬಿಡೋಣ ಅಂದುಕೊಂಡೆ. 2021ರ ಫೆಬ್ರವರಿ ಕೊನೆ, ಕಾಫಿ ಕುಯ್ಲು ಮುಗಿದು ತೋಟದಲ್ಲಿ ಕಸಿ ನಡೆಯುತ್ತಿತ್ತು. (ಬಯಲುಸೀಮೆಯವರು ಮಾವಿನ ಕಸಿ ಅಂದುಕೊಳ್ಳಬೇಡಿ. ನಮ್ಮಲ್ಲಿ ಕಾಫಿ ಗಿಡದ ರೆಂಬೆ ಸವರುವುದಕ್ಕೂ ಕಸಿ ಅಂತಲೇ ಹೆಸರು.) ಆಗ ಕಡಿದರೆ ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಚಿಗುರು ಬರುತ್ತದೆ, ಜೂನ್ ಮಳೆ ಹಿಡಿಯುವಷ್ಟರಲ್ಲಿ ಗಾಯ ಒಣಗಿರುತ್ತದೆ. ಮಲೆನಾಡಿನ ಜುಲೈಯಲ್ಲಿ ದಪ್ಪ ರೆಂಬೆ ಕಡಿದರೆ ಕೊಳೆಯುವುದೇ ಜಾಸ್ತಿ.

ಎಡಗಡೆಯದನ್ನು ಒಂದೂವರೆ ಅಡಿಗೆ ಬೋಳಿಸಿದೆ. ಮೊದಲ ರೆಂಬೆಯಲ್ಲೇ ಎಡವಟ್ಟು. ಮೇಲಿನಿಂದ ಗರಗಸ ಹಾಕಿದೆ, ಮುಕ್ಕಾಲು ಭಾಗ ಆಗುವಷ್ಟರಲ್ಲಿ ರೆಂಬೆ ತನ್ನ ಭಾರಕ್ಕೇ ಮುರಿದು, ಗೇಣುದ್ದ ತೊಗಟೆ ಸುಲಿದುಕೊಂಡು ಬಿತ್ತು. ಆಮೇಲೆ ಬುದ್ಧಿ ಬಂತು. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ನಂತರ ಮೇಲಿನಿಂದ, ಕೊನೆಗೆ ಉಳಿದ ಮೋಟನ್ನು ಓರೆಯಾಗಿ. ನೀರು ನಿಲ್ಲಬಾರದಲ್ವಾ. ಗಾಯ ಕೊಳೆಯದ ಹಾಗೆ ಬೋರ್ಡೋ ಪೇಸ್ಟ್ ಬಳಿದೆ: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಟ್ಟು 1 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಬೇಕು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಮೂರು ವಾರ ಏನೂ ಇಲ್ಲ. ಅಮ್ಮ ಆ ಮೋಟಿನ ಕಡೆ ನೋಡುವುದನ್ನೇ ಬಿಟ್ಟರು. ಒಂದು ಬೆಳಗ್ಗೆ ಬೂದು ತೊಗಟೆ ಒಡೆದು ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿಗಳು ಕಂಡವು. ಏಪ್ರಿಲ್‌ನಲ್ಲಿ ಇಪ್ಪತ್ತಕ್ಕೂ ಮೇಲೆ ಚಿಗುರು. ಗಟ್ಟಿಯಾದ ಆರನ್ನು ದೂರ ದೂರ ಉಳಿಸಿ ಮಿಕ್ಕವನ್ನು ಕೈಯಲ್ಲೇ ಮುರಿದು ಹಾಕಿದೆ. ಈ ಕೆಲಸ ತಪ್ಪಿಸಿದರೆ ಪೊರಕೆ ನಿಲ್ಲಿಸಿದ ಹಾಗೆ ಆಗುತ್ತದೆ, ಅಷ್ಟೇ. ಗೌರಿ ಹಬ್ಬದ ಹೊತ್ತಿಗೆ ಎದೆ ಮಟ್ಟದಲ್ಲಿ ಹೂ.

ಬಲಗಡೆಯದರಲ್ಲಿ ಒಂಬತ್ತು ದಪ್ಪ ರೆಂಬೆ, ವರ್ಷಕ್ಕೆ ಮೂರರಂತೆ ಬುಡದಲ್ಲಿ ತೆಗೆದೆ. ಹೂವು ಒಂದು ದಿನವೂ ತಪ್ಪಲಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಉಳಿದ ರೆಂಬೆಗಳ ನೆರಳಲ್ಲಿ ಹೊಸ ಚಿಗುರು ಬೆಳಕು ಹುಡುಕಿಕೊಂಡು ಸೊರಗಿ ಉದ್ದವಾಯಿತು. ಹಳೆ ರೆಂಬೆಯಲ್ಲಿದ್ದ ಹಿಟ್ಟು ತಿಗಣೆ ಇರುವೆಗಳ ಜೊತೆ ಹೊಸದಕ್ಕೂ ಇಳಿಯಿತು. ಎಡಗಡೆ ಆ ಕಾಟವೆಲ್ಲ ಕಡಿದ ರೆಂಬೆಗಳ ಜೊತೆಗೇ ಹೋಗಿತ್ತು. 2023ಕ್ಕೆ ಮೂರನೇ ಕಂತು ಮುಗಿದರೂ ಗಿಡ ಒಂದು ಕಡೆಗೆ ವಾಲಿಯೇ ಇತ್ತು. ದಾಸವಾಳಕ್ಕಾದರೆ ನನ್ನ ಓಟು ಎಡಗಡೆಗೆ.

ಗಂಧರಾಜಕ್ಕೆ ಮಾತ್ರ ಈ ಧೈರ್ಯ ಬೇಡ. ದಾಸವಾಳ ಹೊಸ ಚಿಗುರಲ್ಲೇ ಹೂ ಬಿಡುತ್ತದೆ. ಗಂಧರಾಜ ಹಿಂದೆಯೇ ಬೆಳೆದ ಕುಡಿಯಲ್ಲಿ ಮೊಗ್ಗು ಕಟ್ಟಿಕೊಂಡು ಕೂತಿರುತ್ತದೆ. ಫೆಬ್ರವರಿಯಲ್ಲಿ ಕಡಿದು ಆ ವರ್ಷದ ಹೂವನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿದೆ. ಈಗ ಹೂ ಮುಗಿದ ಕೂಡಲೇ, ಸ್ವಲ್ಪ ಸ್ವಲ್ಪವೇ ತೆಗೆಯುತ್ತೇನೆ.

ತೂಜಾ ಅನ್ನುವ ಅಲಂಕಾರದ ಗಿಡದ ಕಥೆ ಕೇಳಬೇಡಿ. "ಸೊಂಟಕ್ಕೆ ಕಡೀರಿ, ಬರ್ತದೆ" ಅಂತ ಗಿಡ ಮಾರುವವರೊಬ್ಬರು ಹೇಳಿದರು ಅಂತ ಐದರಲ್ಲಿ ಎರಡನ್ನು ಕಡಿದೆ. ಒಳಗೆಲ್ಲ ಕಂದು ಕಡ್ಡಿ. ಎಲೆ ಇಲ್ಲದ ಹಳೆ ಕಟ್ಟಿಗೆಯಿಂದ ಅದು ಚಿಗುರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಒಂದು ವರ್ಷ ಕಾದು, ಎರಡನ್ನೂ ಕಿತ್ತು ಬಚ್ಚಲ ಒಲೆಗೆ ಹಾಕಿದೆವು. ಉಳಿದ ಮೂರಕ್ಕೆ ಹಸಿರು ಇರುವ ಕಡೆ ಮಾತ್ರ ಕತ್ತರಿ ಹಾಕುತ್ತೇನೆ.

ಇನ್ನು ಬಾವಿ ಕಟ್ಟೆ ಹತ್ತಿರದ ಕೇಪಳದ ಸರದಿ. ನಾನು ಒಂದೇ ಸಲಕ್ಕೆ ಅನ್ನುತ್ತೇನೆ. ಅಮ್ಮ ಗರಗಸ ಎಲ್ಲೋ ಎತ್ತಿಟ್ಟಿದ್ದಾರೆ.