ಗ್ರಾನೈಟ್ ಸ್ಲರಿ ನೀರಿಗೆ ಅನಯಾನಿಕ್ ಪಾಲಿ: ಆರು ತಿಂಗಳು ಬಳಸಿದ ಮೇಲೆ

ಜಿಗಣಿ ಕಡೆ ನಮ್ಮದೊಂದು ಚಿಕ್ಕ ಗ್ರಾನೈಟ್ ಕಟಿಂಗ್ ಯೂನಿಟ್ ಇದೆ. ಬ್ಲೇಡಿಗೆ ಬಿಟ್ಟ ನೀರೆಲ್ಲ ಕಲ್ಲಿನ ಹಿಟ್ಟು ಹೊತ್ತುಕೊಂಡು ಹಾಲಿನ ಥರ ತೊಟ್ಟಿಗೆ ಬರುತ್ತದೆ (ಇದಕ್ಕೇ ಸ್ಲರಿ ಅನ್ನುವುದು), ರಾತ್ರಿಯಿಡೀ ಬಿಟ್ಟರೂ ಮಬ್ಬು ಹೋಗುತ್ತಿರಲಿಲ್ಲ, ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಸಾಕಾಗಿತ್ತು. ಹಾಗಾಗಿ ನೀರಿನ ಮಬ್ಬನ್ನು ತಳಕ್ಕಿಳಿಸುವ ಅನಯಾನಿಕ್ (ಋಣ ಚಾರ್ಜಿನ) ಪಾಲಿಅಕ್ರಿಲಮೈಡ್ ಪುಡಿ ತಂದೆವು. 25 ಕೆಜಿ ಚೀಲ. ಎಲ್ಲರೂ 'ಪಾಲಿ' ಅನ್ನುತ್ತಾರೆ.

ಮೊದಲ ವಾರ ಬೇಜಾರಾಯಿತು. ಮಾರಿದವರು "ನೇರ ತೊಟ್ಟಿಗೆ ಹಾಕಿ" ಅಂದರು, ಹಾಕಿದೆವು. ರಾಗಿ ಹಿಟ್ಟು ಗಂಟು ಕಟ್ಟುತ್ತದಲ್ವಾ, ಹಾಗೇ ಮೇಲೆಲ್ಲ ಲೋಳೆ, ಒಳಗೆ ಒಣ ಪುಡಿ. ಇದು ಸರಿಯಾಗಿ ಕರಗದಿದ್ದರೆ ಸುಮ್ನೆ ದುಡ್ಡು ದಂಡ.

ಈಗ ಮಾಡುವುದು ಹೀಗೆ. ದಿನಕ್ಕೆ ಸುಮಾರು 20 ಸಾವಿರ ಲೀಟರ್ ಸ್ಲರಿ, 1000 ಲೀಟರಿಗೆ 5 ಗ್ರಾಂ, ಅಂದರೆ 100 ಗ್ರಾಂ ಪುಡಿ. 100 ಲೀಟರ್ ಒಳ್ಳೆಯ ನೀರನ್ನು ತಿರುಗಿಸುತ್ತಾ ಆ ಪುಡಿಯನ್ನು ಸಣ್ಣಗೆ ಉದುರಿಸಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಿಧಾನವಾಗಿ ಕಲಕುತ್ತೇವೆ. ಜೋರಾಗಿ ಕಡೆಯಬಾರದು, ವೇಗದ ಪಂಪಿನಲ್ಲೂ ಹಾಯಿಸಬಾರದು. ಇದರ ಅಣು ಬಹಳ ಉದ್ದದ ಸರಪಳಿ, ತುಂಡಾದರೆ ಕೆಲಸವೇ ಹೋಯಿತು. ಸರಪಳಿಯ ಮೇಲಿರುವ ಋಣ ಚಾರ್ಜ್‌ಗಳು ಒಂದನ್ನೊಂದು ದೂಡುವುದರಿಂದ ಅದು ನೀರಲ್ಲಿ ಮುದುಡದೆ ಚಾಚಿಕೊಂಡಿರುತ್ತದೆ, ಅಲ್ಲಲ್ಲಿ ಕಲ್ಲಿನ ಕಣಗಳನ್ನು ಹಿಡಿದು ಒಂದಕ್ಕೊಂದು ಕಟ್ಟಿಹಾಕುತ್ತದೆ. ತೊಟ್ಟಿಗೆ ಬಿಟ್ಟ ಕೆಲವೇ ಕ್ಷಣದಲ್ಲಿ ಮಬ್ಬು ಒಡೆದು ದಪ್ಪ ದಪ್ಪ ಕಣ ಕೆಳಗಿಳಿಯುವುದನ್ನು ನೋಡಲು ನನಗೆ ಈಗಲೂ ಖುಷಿ. ಮೇಲಿನ ತಿಳಿ ನೀರು ಮತ್ತೆ ಬ್ಲೇಡಿಗೇ ಹೋಗುತ್ತದೆ.

ಜಾಸ್ತಿ ಹಾಕಿದರೆ ಜಾಸ್ತಿ ತಿಳಿಯಾಗುತ್ತದೆ ಅಂದುಕೊಳ್ಳಬೇಡಿ. ನೀರೇ ಅಂಟಂಟಾಗುತ್ತದೆ, ಫಿಲ್ಟರ್ ಬಟ್ಟೆ ಕಟ್ಟಿಕೊಳ್ಳುತ್ತದೆ. ಮೊದಲು ನಿಮ್ಮದೇ ನೀರನ್ನು ಗಾಜಿನ ಜಾರಲ್ಲಿ ತೆಗೆದುಕೊಂಡು ಸ್ವಲ್ಪ ಸ್ವಲ್ಪ ಹಾಕಿ ನೋಡಿ. ಕಲಸಿದ್ದನ್ನು ಒಂದೆರಡು ದಿನದಲ್ಲಿ ಮುಗಿಸಿ, ಆಮೇಲೆ ಅದರ ಶಕ್ತಿ ಇಳಿಯುತ್ತದೆ. ಇನ್ನೊಂದು, ನೆಲಕ್ಕೆ ಚೆಲ್ಲಿದರೆ ದಯವಿಟ್ಟು ಬರೀ ನೀರು ಹಾಕಬೇಡಿ. ವಿಪರೀತ ಜಾರುತ್ತದೆ, ನಮ್ಮ ಹುಡುಗನೊಬ್ಬ ಬಿದ್ದು ಮೊಣಕೈ ಊದಿಸಿಕೊಂಡ. ಮೊದಲು ಪುಡಿ ಗುಡಿಸಿ ತೆಗೆಯಿರಿ, ಒದ್ದೆಯಾಗಿದ್ದರೆ ಮರದ ಹೊಟ್ಟು ಹಾಕಿ ಬಳಿಯಿರಿ.

ಶೌಚದ ನೀರು ಶುದ್ಧ ಮಾಡುವ ಘಟಕದ ಕೆಸರಿಗೆ ಸಾಮಾನ್ಯವಾಗಿ ಕ್ಯಾಟಯಾನಿಕ್ (ಧನ ಚಾರ್ಜಿನ) ಪಾಲಿ ಬೇಕು, ಕೊಳ್ಳುವಾಗ ಗ್ರೇಡ್ ನೋಡಿ.

ಪುಡಿಗೆ 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಲಸುವ ವಿಧಾನವನ್ನು ಚೀಲದ ಮೇಲೆ ಕನ್ನಡದಲ್ಲಿ ಬರೆದಿದ್ದರೆ ಪೂರ್ತಿ ಕೊಡುತ್ತಿದ್ದೆ. ಆರು ತಿಂಗಳಾದರೂ ಚೀಲದಲ್ಲಿ ಇನ್ನೂ ಸುಮಾರು ಹತ್ತು ಕೆಜಿ ಉಳಿದಿದೆ, ತೇವ ತಾಗದ ಹಾಗೆ ಬಾಯಿ ಬಿಗಿದು ಇಟ್ಟಿದ್ದೇವೆ.